ಹುಡಿ ಯಾರ ಕೈಯದು

ಹರಿದ್ವಾರ
೧೧ ಡಿಸೆಂಬರ್ ೨೦೧೦

ಸುಜನನ ಅಪ್ಪನಿಗೆ ಪುಷ್ಪಾವತಿಯ ನಮಸ್ಕಾರಗಳು.

ನಿನ್ನೆ ನೀವು ರೈಲು ಹತ್ತಿದಿರಿ. ಮೊಬೈಲಿನ ಕಾಲದಲ್ಲಿ ಇವಳಿಗೇನು ಕಾಗದದ ಹುಚ್ಚು ಎಂದು ನಿಮಗೆ ನಗು ಬರಬಹುದು. ನಮ್ಮಿಬ್ಬರಿಗೆ ಇರುವುದು ಒಂದೇ ಮೊಬೈಲ್, ಅದು ನಿಮ್ಮ ಅಂಗಿಯ ಕಿಸೆಯಲ್ಲಿ ಡೊಂಬಿವಲಿಗೆ ಹೊರಟುಹೋಯಿತು. ಟೂರ್ ಮ್ಯಾನೇಜರ್ ಹೃಷೀಕೇಶ ತನ್ನ ಫೋನ್ ಕೊಡಲು ಬಂದ. ನಾನೇ ಬೇಡವೆಂದೆ. ಮೂವತ್ತಾರು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತು ನಿಮಗೆ ಎರಡು ಮಾತಿಗೇ ಫೋನ್ ಇಡುವ ಅಭ್ಯಾಸವಾಗಿದೆ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ದಸರೆಯ ದಿನ ನಮ್ಮ ಹೋಟೆಲ್ ಉದಯ ವಿಹಾರದ ಬೀಗದಕೈಯನ್ನು ಮಗನ ಕೈಗೆ ಕೊಟ್ಟು, "ಇನ್ನು ನಾನು ರಿಟಾಯರ್. ಪುಷ್ಪಾ, ನಿಂಗೆ ದೇಶ ತೋರಿಸ್ತೇನೆ" ಎಂದಿರಿ. ಎಂಟು ವಾರದ ಯಾತ್ರೆಯಲ್ಲಿ ನೀವು ತೋರಿಸಿದ್ದು ಒಂದು ವಾರ. ಉಳಿದ ಏಳು ವಾರವನ್ನು ನಾನೇ ನೋಡಿಕೊಂಡು ಬರುತ್ತೇನೆ.

ಯಾತ್ರೆಯ ಅಡುಗೆ ಮಾಡುವ ಮಹಾರಾಜನ ದಾಲ್ ತೆಳ್ಳಗಿತ್ತು, ಅದು ನಿಜ. ಅದಕ್ಕಾಗಿ ಧರ್ಮಶಾಲೆಯ ಅಡುಗೆಮನೆಗೆ ನುಗ್ಗಿ, ಅವನ ಕೈಯ ಸೌಟು ಕಸಿದು, ಎಲ್ಲರ ಎದುರು "ಇದು ಪಾತ್ರೆ ತೊಳೆದ ನೀರು" ಎನ್ನಬೇಕಿತ್ತೇ? ಹೃಷೀಕೇಶ ಕೈ ಮುಗಿದು "ಅಂಕಲ್, ನೀವು ಕೂತ್ಕೊಳ್ಳಿ" ಎಂದದ್ದೇ ನಿಮಗೆ ಅವಮಾನವಾಯಿತು. ಚೀಲ ಕಟ್ಟಿದಿರಿ. "ಪುಷ್ಪಾ, ಹೊರಡು" ಎಂದಿರಿ. ನಾನು ಬರುವುದಿಲ್ಲ ಎಂದೆ. ಯಾಕೆ ಎಂದು ನೀವು ಕೇಳಲಿಲ್ಲ.

ದಾಲಿನ ಜಗಳಕ್ಕಾಗಿ ನಾನು ಉಳಿದದ್ದಲ್ಲ. ಅದಕ್ಕೆ ಎರಡು ದಿನ ಮೊದಲು, ಮಸ್ಸೂರಿಯಿಂದ ಹಿಂತಿರುಗುವಾಗ ಬಸ್ಸಿನಲ್ಲಿ ನೀವು ಆಡಿದ ಮಾತನ್ನು ಸ್ವಲ್ಪ ನೆನಪಿಸಿಕೊಳ್ಳಿ. ಅದು ನಿಮಗೆ ತಿಳಿಯುವವರೆಗೆ ನನಗೆ ಆ ಮನೆಗೆ ಬರಲು ಮನಸ್ಸಿಲ್ಲ.

ಬಿ.ಪಿ. ಮಾತ್ರೆ ಕಪಾಟಿನ ಮೇಲಿನ ಅರೆಯಲ್ಲಿದೆ. ಯಾವ ತಾರೀಖಿಗೆ ಯಾವ ಧರ್ಮಶಾಲೆ ಎಂದು ಅಚ್ಚು ಹಾಕಿಸಿದ ಕಾಗದ ನಿಮ್ಮ ಚೀಲದಲ್ಲಿದೆ. ಬರೆಯುವುದಾದರೆ ಆ ವಿಳಾಸಕ್ಕೆ ಬರೆಯಿರಿ.

ಪುಷ್ಪಾವತಿ


ಉದಯ ವಿಹಾರ, ಶುದ್ಧ ಸಸ್ಯಾಹಾರಿ
ಡೊಂಬಿವಲಿ ಪೂರ್ವ
೧೭ ಡಿಸೆಂಬರ್ ೨೦೧೦

ಸೌಭಾಗ್ಯವತಿ ಪುಷ್ಪಾವತಿಗೆ ಭುಜಂಗ ಶೆಟ್ಟಿಯ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಮನೆಯೊಳಗೆ ಎರಡು ಮಾತು ಆಡದವಳು ಎರಡು ಪುಟ ಬರೆದಿದ್ದಿ. ನಾನು ಸೌಖ್ಯ. ರಿಟಾಯರಾದವನು ಹೇಗಿರಬೇಕೋ ಹಾಗೆ ಕಾಲ ಮೇಲೆ ಕಾಲು ಹಾಕಿ ವಿಶ್ರಾಂತಿಯಲ್ಲಿದ್ದೇನೆ.

ಬಸ್ಸಿನ ವಿಷಯ ತಲೆ ಕೆರೆದುಕೊಂಡು ಯೋಚಿಸಿದೆ. ಕಿಟಕಿಯ ಸೀಟು ಕೊಡಲಿಲ್ಲವೆಂದೇ? ನನಗೆ ಬಸ್ಸಿನಲ್ಲಿ ಹೊಟ್ಟೆ ತೊಳೆಸುತ್ತದೆ ಎಂದು ನಿನಗೆ ಗೊತ್ತು. ಅಥವಾ ಮಸ್ಸೂರಿಯ ಅಂಗಡಿಯಲ್ಲಿ ಶಾಲು ನೋಡುವಾಗ ಅವಸರ ಮಾಡಿದೆನೆಂದೇ? ಕೊನೆಗೆ ಕೊಡಿಸಿದೆನಲ್ಲ ಮಾರಾಯ್ತಿ. ಇಂಥ ಸಣ್ಣ ಮಾತಿಗೆ ಈ ವಯಸ್ಸಿನಲ್ಲಿ ಗಂಡನನ್ನು ಒಬ್ಬನೇ ರೈಲು ಹತ್ತಿಸುವುದು ಯಾವ ಕ್ರಮ? ಕಲ್ಯಾಣದಲ್ಲಿ ಇಳಿದಾಗ ಸುಜನ್ ನನ್ನ ಹಿಂದೆ ನಿನ್ನನ್ನು ಹುಡುಕಿದ. "ಪಪ್ಪಾ, ಮಮ್ಮಿ ಕಿಧರ್ ಹೈ?" ಎಂದ. ಪ್ಲಾಟ್‌ಫಾರಂನಲ್ಲಿ ಚೀಲವನ್ನು ಅವನ ಕೈಗೆ ಕೊಟ್ಟು ನಾನು ಮುಂದೆ ನಡೆದೆ.

ಈಗ ಮುಖ್ಯ ವಿಷಯ. ಠಾಣೆ ಜಿಲ್ಲೆಯ ನಮ್ಮ ಹೋಟೆಲಿನವರ ಬಳಗ ಈ ವರ್ಷ ನನಗೆ ಸನ್ಮಾನ ಮಾಡುವುದೆಂದು ನಿಶ್ಚಯಿಸಿದೆ. ಜನವರಿ ಒಂಬತ್ತು, ಆದಿತ್ಯವಾರ, ಠಾಣೆಯ ಸಭಾಂಗಣದಲ್ಲಿ. ಗಂಡನಿಗೆ ಶಾಲು, ಫಲಕ. ಹೆಂಡತಿಗೆ ಸೀರೆ, ಅರಶಿನ ಕುಂಕುಮ. ದಂಪತಿಗಳು ಜೊತೆಯಾಗಿ ಕೂರುವುದು ಕ್ರಮ. ಇಪ್ಪತ್ತೊಂದನೆಯ ವರ್ಷಕ್ಕೆ ಸೊಂಟಕ್ಕೆ ಟವೆಲು ಕಟ್ಟಿ ಈ ಊರಿಗೆ ಬಂದವನಿಗೆ ಸಿಗುವ ಮರ್ಯಾದೆ ಇದು. ನೀನು ಐದನೆಯ ತಾರೀಖಿನೊಳಗೆ ಬಂದುಬಿಡು. ಹೃಷೀಕೇಶನಿಗೆ ಹೇಳಿದರೆ ಟಿಕೆಟ್ ಮಾಡಿಕೊಡುತ್ತಾನೆ. ನಾನು ಅವನ ನಂಬರಿಗೆ ಮಾಡಿದರೆ "ಕಾಕೂ ಬ್ಯುಸಿ ಇದ್ದಾರೆ" ಎಂದು ಇಟ್ಟುಬಿಡುತ್ತಾನೆ. ಯಾತ್ರೆಯಲ್ಲಿ ನಿನಗೆಂಥ ಬ್ಯುಸಿ?

ಸಾಂಬಾರ್ ಹುಡಿಯ ಡಬ್ಬಿಯಲ್ಲಿ ಕಾಲು ಭಾಗ ಉಳಿದಿದೆ. ಸುಜನ್ ಕೇಳುತ್ತಿದ್ದಾನೆ.

ಭುಜಂಗ ಶೆಟ್ಟಿ


ಮಥುರಾ
೨೨ ಡಿಸೆಂಬರ್ ೨೦೧೦

ಸುಜನನ ಅಪ್ಪನಿಗೆ ನಮಸ್ಕಾರಗಳು.

ನಿಮಗೆ ಸನ್ಮಾನವೆಂದು ಓದಿ ನನ್ನ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಹೋಟೆಲಿನ ಮೊದಲ ವರ್ಷ ನೀವು ಹಿಟ್ಟಿನ ಮೂಟೆಗಳ ಮೇಲೆಯೇ ಮಲಗುತ್ತಿದ್ದದ್ದು ನೆನಪಾಯಿತು. ಆ ಶಾಲು ನಿಮಗೆ ಬರಲೇಬೇಕು.

ಆದರೆ ನಾನು ಬರುವುದಿಲ್ಲ. ಸೀಟೂ ಅಲ್ಲ, ಶಾಲೂ ಅಲ್ಲ. ಇನ್ನೂ ಯೋಚಿಸಿ.

ಇಲ್ಲಿ ನಾಲ್ಕು ಗಂಟೆಗೆ ಏಳುತ್ತೇನೆ. ಚಳಿ ಬಹಳ, ಕೆಲಸ ಹಿಡಿದರೆ ಗೊತ್ತಾಗುವುದಿಲ್ಲ. ಮಧ್ಯಾಹ್ನದ ಮೇಲೆ ಪುರುಸೊತ್ತು. ನಿನ್ನೆ ಯಮುನೆಯಲ್ಲಿ ದೋಣಿ ಹತ್ತಿದೆ. ಆಮೆಗಳಿಗೆ ಕಡಲೆ ಹಾಕಿದೆ. ಕುರುಕ್ಷೇತ್ರದಲ್ಲಿ ಒಬ್ಬಳೇ ಪೇಟೆಗೆ ಹೋಗಿ, ಹಿಂದಿಯಲ್ಲಿ ಚೌಕಾಸಿ ಮಾಡಿ, ಹಾದಿ ತಪ್ಪದೆ ಹಿಂತಿರುಗಿದೆ. ಡೊಂಬಿವಲಿಯಲ್ಲಿ ಸ್ಟೇಶನ್ನಿನ ಆಚೆ ಬದಿಗೆ ಹೋಗಲೂ ನನಗೆ ಜೊತೆ ಬೇಕಿತ್ತು.

ಇಲ್ಲಿ ಎಲ್ಲರೂ ನನ್ನನ್ನು ಪುಷ್ಪಕ್ಕ ಎಂದು ಕರೆಯುತ್ತಾರೆ. ಮರಾಠಿಯವರಿಗೂ ಪುಷ್ಪಕ್ಕನೇ. ಡೊಂಬಿವಲಿಯಲ್ಲಿ ನಾನು ಶೆಟ್ರ ಹೆಂಡತಿ, ಸುಜನನ ಅಮ್ಮ, ಅನುಷ್ಕಾಳ ಅಜ್ಜಿ. ಹೆಸರು ಹಿಡಿದು ಕರೆಸಿಕೊಂಡರೆ ಇಷ್ಟು ಖುಷಿಯಾಗುತ್ತದೆಂದು ತಿಳಿದಿರಲಿಲ್ಲ.

ಹುಡಿ ಮುಗಿದರೆ ನೀವೇ ಹುರಿಯಿರಿ. ನಿಮ್ಮ ಕೈಯದಲ್ಲವೇ.

ಪುಷ್ಪಾವತಿ


ಡೊಂಬಿವಲಿ
೨೭ ಡಿಸೆಂಬರ್ ೨೦೧೦

ಪುಷ್ಪಾವತಿಗೆ,

ನಾಲ್ಕಕ್ಕೆ ಎದ್ದು ನದೀಸ್ನಾನ ಮಾಡಿ ಪುಣ್ಯ ಕಟ್ಟಿಕೊಳ್ಳುತ್ತಿದ್ದಿ ಎಂದಾಯಿತು. ಇತ್ತ ಗಂಡನ ಮನೆಯಲ್ಲಿ ಏನಾಗಿದೆ ಕೇಳು.

ಹುಡಿ ಮುಗಿಯಿತು. ಹುರಿಯುವುದೇನು ಮಹಾ ವಿದ್ಯೆ ಎಂದು ನಾನೇ ಬಾಣಲೆ ಇಟ್ಟೆ. ಮೆಣಸು ಕರಟಿ ಇಡೀ ಬಿಲ್ಡಿಂಗ್ ಕೆಮ್ಮಿತು. ಸೊಸೈಟಿಯ ಸೆಕ್ರೆಟರಿ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲು ತಟ್ಟಿದ. ಎರಡನೆಯ ಸಲ ಕಹಿಯಾಯಿತು. ಮೂರನೆಯದು ಪರವಾಗಿಲ್ಲ ಎಂದುಕೊಂಡು ಕೆಳಗೆ ಹೋಟೆಲಿಗೆ ಕಳಿಸಿದೆ. ಕಿಟಕಿಯ ಹತ್ತಿರದ ಮೇಜಿನಲ್ಲಿ ದಿನಾ ಕೂರುವ ಕುಲಕರ್ಣಿ ಎರಡು ಚಮಚ ಬಾಯಿಗಿಟ್ಟು, "ಅಣ್ಣಾ, ಸಾಂಬಾರ್‌ಲಾ ಕಾಯ್ ಝಾಲಂ?" ಎಂದು, ಸಾಂಬಾರಿಗೆ ಏನಾಯಿತೆಂದು ಕೇಳಿ ಎದ್ದು ಹೋದರು. ಇಪ್ಪತ್ತೆರಡು ವರ್ಷದ ಗಿರಾಕಿ. ನಾಲ್ಕು ದಿನವಾಯಿತು, ಬಂದಿಲ್ಲ. ಸುಜನ್ ಈಗ ಪೇಟೆಯ ಪ್ಯಾಕೆಟ್ ಹುಡಿ ತರಿಸಿದ್ದಾನೆ. ನನ್ನ ಹೋಟೆಲಿನಲ್ಲಿ ಪ್ಯಾಕೆಟ್ ಹುಡಿ.

ಏನು ಎಷ್ಟೆಷ್ಟು ಎಂದು ಕೂಡಲೇ ಬರೆದು ಕಳಿಸು. ಅಷ್ಟೇ ಅಲ್ಲ, ಎಂಟನೆಯ ತಾರೀಖಿನೊಳಗೆ ಬಾ. ಆಮಂತ್ರಣದಲ್ಲಿ 'ಶ್ರೀ ಭುಜಂಗ ಶೆಟ್ಟಿ ದಂಪತಿ' ಎಂದು ಅಚ್ಚಾಗಿದೆ. ಆರುನೂರು ಜನರ ಎದುರು ಖಾಲಿ ಕುರ್ಚಿಯ ಪಕ್ಕದಲ್ಲಿ ನಾನು ಕೂರುವುದಿಲ್ಲ. ಶೆಟ್ಟಿಯ ಹೆಂಡತಿ ಬಿಟ್ಟು ಹೋಗಿದ್ದಾಳಂತೆ ಎಂದು ಕಲ್ಯಾಣದಿಂದ ಠಾಣೆಯವರೆಗೆ ಮಾತಾಗುತ್ತದೆ. ಇದುವರೆಗೆ ಈ ಊರಿನಲ್ಲಿ ನಾನು ಯಾರೆದುರೂ ತಲೆ ತಗ್ಗಿಸಿದವನಲ್ಲ. ಆ ದಿನಕ್ಕೆ ಬಾರದಿದ್ದರೆ ಆಮೇಲೆ ಬರುವುದೂ ಬೇಡ.

ಭುಜಂಗ


ಪ್ರಯಾಗ
೧ ಜನವರಿ ೨೦೧೧

ಸುಜನನ ಅಪ್ಪನಿಗೆ,

ಕಾಗದವನ್ನು ಎರಡು ಸಲ ಓದಿದೆ. ಬಾರದಿದ್ದರೆ ಬೇಡ ಎಂದು ನಿಮ್ಮದೇ ಅಕ್ಷರದಲ್ಲಿದೆ. ಬರಬೇಕೋ ಬೇಡವೋ ಎಂದು ಇನ್ನು ನಾನೇ ಯೋಚಿಸುತ್ತೇನೆ.

ನಿಮಗೆ ತಾನಾಗಿ ಹೊಳೆಯುತ್ತದೆ ಎಂದು ಕಾದೆ. ಹೊಳೆಯಲಿಲ್ಲ, ಹೇಳಿಬಿಡುತ್ತೇನೆ.

ಆ ದಿನ ಬಸ್ಸಿನಲ್ಲಿ ನಮ್ಮ ಡೊಂಬಿವಲಿಯವರೇ ಆದ ತಾರಾನಾಥರು ಕೇಳಿದರು, "ಶೆಟ್ರೇ, ರಬಾಳೆಯ ಫ್ಯಾಕ್ಟರಿಯಿಂದ ಬಂದು ಇಳಿದವ ಸೀದಾ ನಿಮ್ಮ ಹೋಟೆಲಿಗೇ ಬರ್ತಿದ್ದೆ. ಆ ಸಾಂಬಾರಿಗೆ ಅಂಥ ರುಚಿ ಹೇಗೆ ಬರ್ತದೆ?" ನೀವು ಎದ್ದು ನಿಂತಿರಿ. ಬಲಗೈ ಎತ್ತಿ ತೋರಿಸಿದಿರಿ. "ಇದು ಈ ಕೈಯ ಹುಡಿ. ನಾನೇ ಹುರಿಯುವುದು. ಗುಟ್ಟು ಯಾರಿಗೂ ಹೇಳ್ಲಿಕ್ಕಿಲ್ಲ" ಎಂದಿರಿ. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ. ನೀವು ನನ್ನ ಕಡೆ ತಿರುಗಲೂ ಇಲ್ಲ. ಹೆದರಿ ತಿರುಗದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ನಾನು ಅಲ್ಲಿದ್ದೇನೆಂಬುದೇ ನಿಮಗೆ ನೆನಪಿರಲಿಲ್ಲ.

ಹೋಟೆಲ್ ಸುರುವಾದಂದಿನಿಂದ ಪ್ರತಿ ಶುಕ್ರವಾರ ಮೇಲಿನ ಮನೆಯಲ್ಲಿ ಹುರಿದವಳು ನಾನು. ಸುಜನ್ ಹುಟ್ಟಿದ ದಿನವೂ ಕೊತ್ತಂಬರಿ ಹುರಿದು ಮುಗಿಸಿಯೇ ಆಸ್ಪತ್ರೆಗೆ ಹೊರಟದ್ದು. ನೋವು ಬಂದಿದೆ ಎಂದು ಹೇಳಿದರೆ ಬಾಣಲೆ ಅರ್ಧಕ್ಕೇ ಇಳಿಸಬೇಕಾಗುತ್ತದೆಂದು ಹೇಳಿರಲಿಲ್ಲ. ಹೋಟೆಲಿನವರ ಮನೆಯ ಹೆಂಗಸರು ಮುಂದಿನ ಬಾಗಿಲಿನಿಂದ ಹೋಗಬಾರದು, ಗಿರಾಕಿಗಳ ನಡುವೆ ಕೂರಬಾರದು ಎಂದು ಅತ್ತೆ ಕಟ್ಟು ಮಾಡಿದ್ದರು. ಹಾಗಾಗಿ ನನ್ನ ಹುಡಿ ತಿಂದ ಒಬ್ಬರ ಮುಖವನ್ನೂ ನಾನು ನೋಡಿರಲಿಲ್ಲ. ಗಿರಾಕಿಗಳು ಹೊಗಳಿದಾಗ ಕೆಳಗೆ ನೀವು ಏನು ಹೇಳುತ್ತಿದ್ದಿರಿ ಎಂಬುದೂ ನನಗೆ ಕೇಳಿಸುತ್ತಿರಲಿಲ್ಲ. "ನಮ್ಮ ಮನೆಯವಳದ್ದು" ಎನ್ನುತ್ತೀರಿ ಎಂದೇ ನಂಬಿಕೊಂಡಿದ್ದೆ. ಯಾತ್ರೆಗೆ ಬಂದು, ಒಂದೇ ಬಸ್ಸಿನಲ್ಲಿ ಕೂತ ಮೇಲೆ ಕೇಳಿಸಿತು.

ನೀವು ಅಳತೆ ಕೇಳಿದ್ದೀರಿ. ಕೊಡುವುದಿಲ್ಲ.

ಪುಷ್ಪಾವತಿ


ಡೊಂಬಿವಲಿ
೧೦ ಜನವರಿ ೨೦೧೧

ಪುಷ್ಪಾ,

ನಿನ್ನ ಕಾಗದ ಆರನೆಯ ತಾರೀಖಿಗೆ ಕೈಗೆ ಬಂತು. ಮೊದಲು ಸಿಟ್ಟು ಬಂತು. ಹೋಟೆಲ್ ನನ್ನದು, ಹೆಂಡತಿ ನನ್ನವಳು, ಹುಡಿ ನನ್ನದೆಂದರೆ ತಪ್ಪೇನು ಎಂದುಕೊಂಡೆ. ಸುಜನನ ಎದುರು ಹಾಗೆಯೇ ಅಂದೆ. ಅವನು ಗಲ್ಲಾದಿಂದ ತಲೆ ಎತ್ತದೆ, "ಪಪ್ಪಾ, ಸಬ್‌ಕೋ ಪತಾ ಹೈ, ಹುಡಿ ಮಮ್ಮಿಕಾ ಹೈ. ಆಪ್ ಹೀ ನಹೀ ಬೋಲ್ತೆ" ಎಂದ. ಎಲ್ಲರಿಗೂ ಗೊತ್ತಿದ್ದದ್ದನ್ನು ಹೇಳದೆ ಉಳಿದವನು ನಾನೊಬ್ಬನೇ ಎಂದಾಯಿತು.

ವಿಶ್ರಾಂತಿಯಲ್ಲಿದ್ದೇನೆ ಎಂದು ಬರೆದದ್ದೂ ಸುಳ್ಳು. ಬಂದ ಮರುದಿನವೇ ಬೆಳಿಗ್ಗೆ ಐದಕ್ಕೆ ಕೆಳಗಿಳಿದೆ. ಸುಜನ್ ನನ್ನನ್ನು ಗಲ್ಲಾದಿಂದ ಎಬ್ಬಿಸಿ ಕೈತೊಳೆಯುವ ಬೇಸಿನ್ ಹತ್ತಿರದ ಮೇಜಿನಲ್ಲಿ ಕೂರಿಸಿದ. ಒಂದು ತಿಂಗಳಿಂದ ಅಲ್ಲೇ ಕೂತು ಚಹಾ ಕುಡಿಯುತ್ತೇನೆ. ಹೊಸ ಕೆಲಸದವರು ಬಂದು "ಔರ್ ಕುಛ್, ಅಂಕಲ್?" ಎಂದು ಗಿರಾಕಿಯನ್ನು ಕೇಳುವ ಹಾಗೆ ಕೇಳುತ್ತಾರೆ. ಹರಿದ್ವಾರದಲ್ಲಿ ಆ ಮಹಾರಾಜನ ಸೌಟು ಯಾಕೆ ಕಸಿದೆನೆಂದು ಈಗ ಗೊತ್ತಾಗುತ್ತದೆ. ಯಾರಾದರೂ ನನ್ನನ್ನು ಹೋಟೆಲಿನವನು ಎನ್ನಬೇಕಿತ್ತು.

ನಿನ್ನೆಯ ಸಭೆಗೆ ಹೋಗುವುದೇ ಬೇಡವೆಂದಿದ್ದೆ. ಬಳಗದವರು ಕಾರು ಕಳಿಸಿದರು. ಸಭಾಂಗಣದ ಬಾಗಿಲಲ್ಲೇ ತಾರಾನಾಥ ಸಿಕ್ಕಿದರು. ಮೊಮ್ಮಗನ ನಾಮಕರಣಕ್ಕೆಂದು ಕಾಶಿಯಿಂದ ಮೊದಲೇ ಹಿಂತಿರುಗಿದ್ದಾರೆ. ನನ್ನ ಎರಡೂ ಕೈ ಹಿಡಿದುಕೊಂಡರು. "ಶೆಟ್ರೇ, ನಿಮ್ಮ ಮನೆಯವರು ಇಲ್ಲದಿದ್ರೆ ನಮ್ಮ ಯಾತ್ರೆ ಹರಿದ್ವಾರದಲ್ಲೇ ಮುಗೀತಿತ್ತು" ಎಂದರು. ನಾನು ರೈಲು ಹತ್ತಿದ ಮಧ್ಯಾಹ್ನವೇ ಮಹಾರಾಜ ಸೌಟು ಬಿಸಾಡಿ ಊರಿಗೆ ಹೋದನಂತೆ. ಹೃಷೀಕೇಶ ಎಲ್ಲರನ್ನೂ ವಾಪಸು ಕಳಿಸುವ ಯೋಚನೆಯಲ್ಲಿದ್ದಾಗ ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿ, "ನನ್ನ ಗಂಡನಿಂದ ಆದದ್ದು, ನಾನು ಸುಧಾರಿಸ್ತೇನೆ" ಎಂದೆಯಂತೆ. ಅಂದಿನಿಂದ ದಿನಕ್ಕೆ ಎರಡು ಹೊತ್ತು ಮೂವತ್ತೊಂದು ಜನರ ಅಡುಗೆ. ನಾನು ನದೀಸ್ನಾನ ಎಂದು ಬರೆದಾಗಲೂ ನೀನು ಸುಮ್ಮನಿದ್ದೆ. ನನ್ನ ಮಾನ ಕಾಯಲು ಸುಮ್ಮನಿದ್ದೆ.

ಆಮೇಲೆ ತಾರಾನಾಥ ಕೇಳಿದರು, "ಸಾಂಬಾರು ನಿಮ್ಮ ಹೋಟೆಲಿನದ್ದೇ ರುಚಿ. ನೀವೇ ಕಲಿಸಿದ್ದಾ?" ನಾನು ಬಾಯಿ ಬಿಡಲಿಲ್ಲ. ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಆಗಲಿಲ್ಲ. ಅದನ್ನೂ ನಿನಗೆ ಹೇಳಬೇಕು.

ವೇದಿಕೆಯ ಮೇಲೆ ನಿರೂಪಕ ನನ್ನ ಕೈರುಚಿಯನ್ನು ಐದು ನಿಮಿಷ ವರ್ಣಿಸಿದ. ಪಕ್ಕದ ಕುರ್ಚಿ ಖಾಲಿ. ಶಾಲು ಹೊದೆಸಲು ಬಂದಾಗ ನಾನು ಎದ್ದು ಮೈಕ್ ಹಿಡಿದೆ. ಬರೆದುಕೊಂಡು ಹೋದ ಭಾಷಣ ಕಿಸೆಯಲ್ಲೇ ಉಳಿಯಿತು. "ನಮ್ಮ ಹೋಟೆಲಿನ ಸಾಂಬಾರ್ ಹುಡಿ ನನ್ನದಲ್ಲ. ಹದಿನಾಲ್ಕು ಸಾಮಾನು ಹಾಕಿ, ಶುಕ್ರವಾರ ಶುಕ್ರವಾರ ಹುರಿದವಳು ನನ್ನ ಹೆಂಡತಿ ಪುಷ್ಪಾವತಿ. ಮೂವತ್ತಾರು ವರ್ಷ ನಾನು ಅದನ್ನು ನನ್ನದು ಅಂತ ಹೇಳ್ಕೊಂಡು ಬಂದೆ. ಅದು ಸುಳ್ಳು. ಈಗ ಅವಳು ಯಾತ್ರೆಯಲ್ಲಿ ಮೂವತ್ತೊಂದು ಜನಕ್ಕೆ ಅಡುಗೆ ಮಾಡ್ತಿದ್ದಾಳೆ. ಅವಳಿಗೆ ಅಲ್ಲಿ ಕೆಲಸ ಉಂಟು, ಅದಕ್ಕೆ ಈ ಕುರ್ಚಿ ಖಾಲಿ" ಎಂದೆ.

ಮುಂದಿನ ಸಾಲಿನ ಧಣಿಗಳೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿದರು. ಹಿಂದಿನ ಸಾಲುಗಳಲ್ಲಿ ಹೆಂಗಸರು ನಗಲು ಸುರುಮಾಡಿದರು. ಮೊದಲು ಒಬ್ಬರು, ಆಮೇಲೆ ಸಾಲಿಗೆ ಸಾಲೇ. ನನ್ನನ್ನು ಹಾಸ್ಯ ಮಾಡಿದ್ದಲ್ಲ. ಅವರೆಲ್ಲರ ಮನೆಯಲ್ಲೂ ಒಂದೊಂದು ಬಾಣಲೆ ಇದೆ.

ತಲೆ ತಗ್ಗಿತು ಎನ್ನಬೇಡ. ನಿನ್ನ ಹೆಸರು ಹೇಳುವಾಗ ನನಗೆ ಶಾಲು ಹೊದ್ದುದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಬರುವುದು ಬೇಡ ಎಂದು ಬರೆದ ಕಾಗದವನ್ನು ಹರಿದುಹಾಕು. ಬಾ ಎಂದೂ ನಾನು ಹೇಳುವುದಿಲ್ಲ, ಆ ಅಧಿಕಾರ ಕಳೆದುಕೊಂಡಿದ್ದೇನೆ. ನೀನಿಲ್ಲದೆ ನನಗೆ ಆಗುವುದಿಲ್ಲ.

ಭುಜಂಗ


ಪುರಿ
೧೪ ಜನವರಿ ೨೦೧೧

ಸುಜನನ ಅಪ್ಪನಿಗೆ ಸಂಕ್ರಾಂತಿಯ ನಮಸ್ಕಾರಗಳು.

ಕಾಗದವನ್ನು ಒಲೆಯ ಪಕ್ಕದಲ್ಲಿ ನಿಂತೇ ಓದಿದೆ. ಅನ್ನ ತಳ ಹಿಡಿಯಿತು. ಇಷ್ಟು ವಾರಗಳಲ್ಲಿ ಇದೇ ಮೊದಲು. ಊಟಕ್ಕೆ ಕೂತವರು ಏನಾಯಿತು ಪುಷ್ಪಕ್ಕ ಎಂದು ಕೇಳಿದಾಗ, ನನ್ನ ಗಂಡ ಸಭೆಯಲ್ಲಿ ನಿಜ ಹೇಳಿದರು ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನಗೆ ಅಳು ಬಂತು, ಹೆಮ್ಮೆಯೂ ಬಂತು. ನೀವು ಅಷ್ಟು ಜನರ ಎದುರು ತಪ್ಪು ಒಪ್ಪಿಕೊಳ್ಳುವವರು ಎಂದು ನಾನು ಎಣಿಸಿರಲಿಲ್ಲ. ನಾನೂ ನಿಮ್ಮನ್ನು ಪೂರ್ತಿ ಬಲ್ಲವಳಾಗಿರಲಿಲ್ಲ.

ಹದಿನಾಲ್ಕು ಸಾಮಾನು ಎಂದಿರಲ್ಲ, ಹುಡಿಗೆ ಬೀಳುವುದು ಹನ್ನೊಂದೇ. ಮೂರು ಎಲ್ಲಿಂದ ತಂದಿರೋ.

ಮಹಾರಾಜ ಹೋದದ್ದನ್ನು ನಿಮ್ಮ ಮಾನ ಕಾಯಲು ಬರೆಯಲಿಲ್ಲ ಎಂದುಕೊಂಡಿದ್ದೀರಿ. ಅರ್ಧ ನಿಜ. ಬರೆದರೆ ನೀವು ಮುಂದಿನ ರೈಲಿಗೇ ಬಂದು ಅಡುಗೆಮನೆ ಹಿಡಿಯುತ್ತಿದ್ದಿರಿ. ಮೊದಲ ದಿನ ನಾನೇ ಬಡಿಸಿದೆ. ಹಲ್ಲಿಲ್ಲದ ಒಬ್ಬ ಅಜ್ಜ ಸಾಂಬಾರು ಸುರಿದು ಕಣ್ಣು ಮುಚ್ಚಿಕೊಂಡರು. ನನ್ನ ಕೈಯ ರುಚಿ ಒಬ್ಬರ ಮುಖದಲ್ಲಿ ಹೇಗೆ ಕಾಣುತ್ತದೆಂದು ಅರುವತ್ತೊಂದನೆಯ ವರ್ಷದಲ್ಲಿ ನೋಡಿದೆ. ಅದನ್ನು ಯಾರ ಜೊತೆಗೂ ಹಂಚಿಕೊಳ್ಳಲು ಆಗ ಮನಸ್ಸಿರಲಿಲ್ಲ.

ಇಪ್ಪತ್ತಾರಕ್ಕೆ ಕಲ್ಯಾಣದಲ್ಲಿ ಇಳಿಯುತ್ತೇನೆ. ಮನೆಗೆ ಬರುತ್ತೇನೆ. ಆದರೆ ಶುಕ್ರವಾರ ಹುರಿಯುವವಳು ಇನ್ನು ನಾನಲ್ಲ. ಸುಜನ್ ಮೇಲೆ ಬಂದು ಕಲಿಯಲಿ, ನಾನು ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಡುತ್ತೇನೆ. ಕುಲಕರ್ಣಿಯವರು ಬಂದರೆ ಮುಂದಿನ ಬಾಗಿಲಿನಿಂದ ಇಳಿದು ಹೋಗಿ ಮಾತಾಡಿಸುತ್ತೇನೆ.

ಇನ್ನೊಂದು. ಮಾರ್ಚ್‌ನಲ್ಲಿ ರಾಮೇಶ್ವರಕ್ಕೆ ಹೊರಡುವ ತಂಡಕ್ಕೂ ನೀವೇ ಅಡುಗೆಗೆ ಬನ್ನಿ ಎಂದು ಹೃಷೀಕೇಶ ಕೇಳಿದ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ತಡೆದುಕೊಂಡು, ಬರುತ್ತೇನೆ ಎಂದೆ. ಠಾಣೆಯ ಆಫೀಸಿನಲ್ಲಿ ಬುಕಿಂಗ್ ಸುರುವಾಗಿದೆ. ಬೇಕಿದ್ದರೆ ನೀವೂ ಬನ್ನಿ, ಯಾತ್ರಿಕನಾಗಿ. ಕರೆಯದೆ ಅಡುಗೆಮನೆಗೆ ಕಾಲಿಡುವಂತಿಲ್ಲ. ಬಸ್ಸಿನಲ್ಲಿ ಜನ ನೀವು ಯಾರೆಂದು ಕೇಳುತ್ತಾರೆ. ಪುಷ್ಪಕ್ಕನ ಗಂಡ ಎಂದು ಹೇಳಬೇಕಾಗುತ್ತದೆ. ಹೇಳಲು ಬರುತ್ತದೆಯೇ ಎಂದು ಯೋಚಿಸಿ ನಿಶ್ಚಯಿಸಿ.

ಪುಷ್ಪಾವತಿ


ಡೊಂಬಿವಲಿ
೧೯ ಜನವರಿ ೨೦೧೧

ಪುಷ್ಪಾ,

ಇದನ್ನು ನಿಮ್ಮ ಕೊನೆಯ ತಂಗುದಾಣವಾದ ನಾಗಪುರದ ವಿಳಾಸಕ್ಕೆ ಬರೆಯುತ್ತಿದ್ದೇನೆ. ಇವತ್ತು ಠಾಣೆಗೆ ಹೋಗಿದ್ದೆ. ಲೋಕಲ್ ಗಾಡಿಯಲ್ಲಿ ದಿವಾ ಸ್ಟೇಶನ್ನಿನವರೆಗೂ ನಿಂತೇ ಇದ್ದೆ, ಆಮೇಲೆ ಒಬ್ಬಳು ಕಾಲೇಜು ಹುಡುಗಿ ಎದ್ದು ಜಾಗ ಕೊಟ್ಟಳು. ಯಾತ್ರಾ ಆಫೀಸಿನಲ್ಲಿ ಉದ್ದ ಸಾಲು. ಇಷ್ಟು ವರ್ಷ ಗಲ್ಲಾದ ಒಳಗೆ ಕೂತವನು ನಾನು, ಹೊರಗೆ ನಿಂತು ಕಾಯುವುದು ಎಂಥ ಬೇಸರದ ಕೆಲಸವೆಂದು ಇವತ್ತೇ ಗೊತ್ತಾದದ್ದು.

ಕಿಟಕಿಯಲ್ಲಿದ್ದ ಹುಡುಗಿ ರಾಮೇಶ್ವರದ ತಂಡ ಹೆಚ್ಚುಕಡಿಮೆ ತುಂಬಿದೆ ಎಂದಳು. "ಪುಷ್ಪಕ್ಕಾಂಚಂ ಜೇವಣ್ ಆಹೇ ನಾ, ಅದಕ್ಕೇ ರಶ್" ಎಂದು ನಿನ್ನ ಅಡುಗೆಯ ಹೆಸರು ಹೇಳಿ ನಕ್ಕಳು. ಹೆಸರು ಬರೆದುಕೊಂಡಳು, ವಯಸ್ಸು ಅರುವತ್ತಾರು ಬರೆದುಕೊಂಡಳು. "ಕಾಕಾ, ಧಂದಾ?" ಎಂದು ಕೇಳಿದಳು. ಹೋಟೆಲ್ ಮಾಲೀಕ ಎನ್ನಲು ಬಾಯಿ ತೆರೆದೆ. ಹೋಟೆಲ್ ಸುಜನನದ್ದು. ರಿಟಾಯರ್ ಎನ್ನಲು ನಾಲಿಗೆ ಹೊರಳಲಿಲ್ಲ. ಅವಳು ಪೆನ್ನು ಹಿಡಿದು ಕಾದಳು.

"ಮೀ ಪುಷ್ಪಕ್ಕಾಂಚಾ ನವರಾ", ಪುಷ್ಪಕ್ಕನ ಗಂಡ, ಎಂದೆ. ಕಿವಿ ಮಂದವಾದವರ ಹಾಗೆ ಗಟ್ಟಿಯಾಗಿ ಹೇಳಿಬಿಟ್ಟೆನೆಂದು ಕಾಣುತ್ತದೆ, ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಒಬ್ಬಾಕೆ, "ಅಯ್ಯೋ, ನೀವಾ?" ಎಂದು ಕೈ ಮುಗಿದರು. ನಾನು ಎದೆ ಮುಂದೆ ಮಾಡಿ ನಿಂತುಕೊಂಡೆ.

ರೈಲಿನಲ್ಲಿ ಕೆಳಗಿನ ಬರ್ತ್ ಎಲ್ಲ ಮುಗಿದಿದೆ, ಮೇಲಿನದು ಸಿಕ್ಕಿತು. ಮೊಣಕಾಲು ನೋಯುತ್ತದೆ, ಆದರೂ ಹತ್ತುತ್ತೇನೆ.

ಭುಜಂಗ